ಷರತ್ತು ಕಳಚಿಟ್ಟ ನಂಬರ್

ನಮ್ಮ ಪ್ರಯೋಗಾಲಯಕ್ಕೆ ಸ್ಯಾಂಪಲ್ ಕೊಟ್ಟು ಹೋದವರು ಕೆಲವು ದಿನ ಬಿಟ್ಟು ಫೋನ್ ಮಾಡಿದಾಗ ಕೇಳುವುದು ಒಂದೇ ಮಾತು: ‘ಮೇಡಂ, ನಂಬರ್ ಎಷ್ಟು ಬಂತು?’ ಕುಲುಮೆಗೆ ಫೈರ್‌ಬ್ರಿಕ್ ಮಾಡುವವರು, ತಾರಸಿ ಮೇಲೆ ಹಾಸುವ ಕೂಲ್ ಟೈಲ್ಸ್‌ನವರು, ಕಾರ್ಬನ್ ಫೈಬರ್ ಹಲಗೆ ಒತ್ತುವವರು, ಎಲ್‌ಇಡಿ ದೀಪದ ಕೆಳಗೆ ಕೂರಿಸುವ ಸೆರಾಮಿಕ್ ಬಿಲ್ಲೆ ತರಿಸಿಕೊಳ್ಳುವವರು, ಎಲ್ಲರದ್ದೂ ಅದೇ ಪ್ರಶ್ನೆ. ನಂಬರ್ ಹೇಳುತ್ತೇನೆ. ಯಾವ ತಾಪದಲ್ಲಿ ಅಳೆದದ್ದು, ಸ್ಯಾಂಪಲ್ ಎಷ್ಟು ಒಣಗಿತ್ತು, ಯಾವ ದಿಕ್ಕಿಗೆ ಕತ್ತರಿಸಿದ್ದು ಎಂದು ಮುಂದುವರಿಸುವಷ್ಟರಲ್ಲಿ ‘ಅದೆಲ್ಲ ರಿಪೋರ್ಟಲ್ಲಿ ಇರುತ್ತಲ್ಲ ಮೇಡಂ’ ಎಂದು ಫೋನ್ ಇಟ್ಟುಬಿಡುತ್ತಾರೆ.

ರಿಪೋರ್ಟಿನಲ್ಲಿ ಇರುತ್ತದೆ, ನಿಜ. ಆದರೆ ಆ ರಿಪೋರ್ಟು ಮನೆ ಕಟ್ಟುವವರ ಕೈಗಾಗಲಿ, ಶಾಲೆಯ ಚಾವಣಿಗೆ ಟೆಂಡರ್ ಕರೆಯುವ ಎಂಜಿನಿಯರ್ ಕೈಗಾಗಲಿ ಬರುವುದು ಅಪರೂಪ. ಅವರಿಗೆ ಸಿಗುವುದು ಬ್ರೋಷರಿನ ಒಂದು ಸಾಲು: ‘ಉಷ್ಣವಾಹಕತೆ ಇಷ್ಟು, ಪ್ರಯೋಗಾಲಯದಲ್ಲಿ ಪರೀಕ್ಷಿತ.’ ಈ ಸಾಲನ್ನು ಕಾನೂನು ಒಪ್ಪಬಾರದು ಎಂಬುದು ನನ್ನ ವಾದ. ಸೆರಾಮಿಕ್ ಆಗಲಿ, ಕಾಂಪೊಸಿಟ್ ಆಗಲಿ, ಅದರ ಶಾಖದ ಗುಣವನ್ನು ಸಂಖ್ಯೆಯಲ್ಲಿ ಹೇಳಿ ಮಾರುವವರು ಆ ಸಂಖ್ಯೆಯ ಷರತ್ತುಗಳನ್ನೂ ಅದೇ ಸಾಲಿನಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಮುದ್ರಿಸಬೇಕು. ಯಾಕೆ ಎಂದು ಹೇಳಬೇಕಾದರೆ ಅಳೆಯುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೇ ಹೇಳಬೇಕು.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಲೀಸ್ ಡಿಸ್ಕ್ ಪ್ರಯೋಗ ನೆನಪಿರುತ್ತದೆ. ಮೇಲೆ ಉಗಿ ತುಂಬುವ ಹಿತ್ತಾಳೆಯ ಪೆಟ್ಟಿಗೆ, ಕೆಳಗೆ ನೇತುಹಾಕಿದ ಹಿತ್ತಾಳೆಯ ದಪ್ಪ ಬಿಲ್ಲೆ, ನಡುವೆ ತೆಳ್ಳನೆಯ ರಟ್ಟು ಅಥವಾ ಎಬೊನೈಟ್. ಎರಡು ಥರ್ಮಾಮೀಟರ್. ಎರಡರಲ್ಲೂ ಪಾದರಸ ಅಲ್ಲಾಡದೆ ನಿಲ್ಲುವವರೆಗೆ ಕಾಯಬೇಕು, ಅದಕ್ಕೇ ಲ್ಯಾಬ್ ಪೀರಿಯಡ್ಡಿನ ಬಹುಪಾಲು ಹೋಗುತ್ತದೆ. ಶಾಖ ಎಷ್ಟು ಬರುತ್ತಿದೆಯೋ ಅಷ್ಟೇ ಹೋಗುತ್ತಿದೆ ಎಂಬ ಸ್ಥಿತಿ ತಲುಪಿದ ಮೇಲೆಯೇ ಲೆಕ್ಕ ಶುರು. ಇನ್ಸುಲೇಷನ್ ಹಲಗೆಗಳನ್ನು ಇಂದಿಗೂ ಅಳೆಯುವುದು ಇದೇ ತತ್ವದಲ್ಲಿ, ಗಾರ್ಡೆಡ್ ಹಾಟ್ ಪ್ಲೇಟ್ ಎಂಬ ಉಪಕರಣದಿಂದ. ಬಿಸಿ ತಟ್ಟೆಯ ಸುತ್ತ ಅದೇ ತಾಪದ ಇನ್ನೊಂದು ಬಳೆ ಇಟ್ಟು ಶಾಖ ಪಕ್ಕಕ್ಕೆ ಸೋರದಂತೆ ಕಾವಲು ಹಾಕುವುದರಿಂದ ಆ ಹೆಸರು. ನಮ್ಮ ದೇಶದ ಐಎಸ್ 3346 ಮಾನದಂಡ ಹೇಳುವುದೂ ಈ ವಿಧಾನವನ್ನೇ. ಎರಡು ಹಲಗೆ ಬೇಕು, ಗಂಟೆಗಟ್ಟಲೆ ಸಮಯ ಬೇಕು, ಅವಸರ ಮಾಡಿದರೆ ತಪ್ಪು ಉತ್ತರ ಬರುತ್ತದೆ.

ಗಟ್ಟಿ ಸೆರಾಮಿಕ್‌ಗಳಿಗೆ, ಅದರಲ್ಲೂ ಸಾವಿರ ಡಿಗ್ರಿಯ ಆಚೆಗೆ, ಬೇರೆ ದಾರಿ ಬೇಕಾಯಿತು. 1961ರಲ್ಲಿ ಪಾರ್ಕರ್, ಜೆಂಕಿನ್ಸ್, ಬಟ್ಲರ್, ಅಬಟ್ ಎಂಬ ನಾಲ್ವರು ಒಂದು ಪ್ರಬಂಧ ಪ್ರಕಟಿಸಿದರು. ಅಣುಬಾಂಬಿನ ವಿಕಿರಣದಿಂದ ರಕ್ಷಣೆ ಹೇಗೆಂದು ಅಧ್ಯಯನ ಮಾಡುತ್ತಿದ್ದ ಅಮೆರಿಕದ ನೌಕಾಪಡೆಯ ಪ್ರಯೋಗಾಲಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿತ್ತು, ಅವರು ಅಲ್ಲಿಯವರು. ತೆಳುವಾದ ಬಿಲ್ಲೆಯ ಮುಂಭಾಗಕ್ಕೆ ಕ್ಷಣಮಾತ್ರದ ಬೆಳಕಿನ ಹೊಡೆತ ಕೊಡಿ, ಹಿಂಭಾಗ ಎಷ್ಟು ಬೇಗ ಬಿಸಿಯಾಗುತ್ತದೆ ನೋಡಿ. ಅವರ ಉಪಾಯ ಇಷ್ಟೇ. ಹಿಂಭಾಗದ ತಾಪ ತನ್ನ ಒಟ್ಟು ಏರಿಕೆಯ ಅರ್ಧ ಮುಟ್ಟಲು ಹಿಡಿದ ಕಾಲವನ್ನು ಗುರುತು ಮಾಡಿಕೊಳ್ಳಬೇಕು. ಬಿಲ್ಲೆಯ ದಪ್ಪದ ವರ್ಗವನ್ನು 0.1388ರಿಂದ ಗುಣಿಸಿ ಆ ಕಾಲದಿಂದ ಭಾಗಿಸಿದರೆ ಶಾಖ ಆ ವಸ್ತುವಿನಲ್ಲಿ ಹರಡುವ ವೇಗದ ಲೆಕ್ಕ ಸಿಕ್ಕಿತು. ಎಷ್ಟು ಶಾಖ ಒಳಹೊಕ್ಕಿತು ಎಂದು ತಿಳಿಯುವ ಅಗತ್ಯವೇ ಇಲ್ಲ! ಮಾಪನದ ಇತಿಹಾಸದಲ್ಲಿ ಇಷ್ಟು ಸೊಗಸಾದ ಉಪಾಯಗಳು ಕಡಿಮೆ ಎಂದೇ ನನ್ನ ಭಾವನೆ. ಅವರು ಫ್ಲ್ಯಾಶ್ ದೀಪ ಬಳಸಿದರು, ಆಮೇಲೆ ಲೇಸರ್ ಬಂತು. ಇವತ್ತು ಜಗತ್ತಿನ ಯಾವ ಸೆರಾಮಿಕ್ ಪ್ರಯೋಗಾಲಯಕ್ಕೆ ಹೋದರೂ ಲೇಸರ್ ಫ್ಲ್ಯಾಶ್ ಯಂತ್ರದ ಮಾತು ಬಂದೇ ಬರುತ್ತದೆ.

ನಾನು ದಿನವೂ ಕೈಯಲ್ಲಿ ಹಿಡಿಯುವುದು ಅಂಥ ಬಿಲ್ಲೆಗಳನ್ನೇ. ವ್ಯಾಸ 12.7 ಮಿಲಿಮೀಟರ್, ಅಂದರೆ ಅರ್ಧ ಅಂಗುಲ. ದಪ್ಪ 2 ಮಿಲಿಮೀಟರ್ ಆಸುಪಾಸು. ಅಲ್ಯೂಮಿನಾ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನಸು ಹೊಳಪು ಕಾಣುತ್ತದೆ. ನೋಡಲು ಹಾಲುಬಿಳುಪು, ಆದರೆ ಬೆಳಕಿಗೆ ಪೂರ್ತಿ ಗೋಡೆಯಲ್ಲ. ಇದನ್ನು ಹಾಗೇ ಯಂತ್ರದಲ್ಲಿಟ್ಟರೆ ಲೇಸರ್ ಮೇಲ್ಮೈಯಲ್ಲಿ ನಿಲ್ಲದೆ ಒಳಕ್ಕೆ ಇಳಿಯುತ್ತದೆ, ಸ್ವಲ್ಪ ಭಾಗ ಹಿಂದಿನಿಂದ ಹೊರಬಿದ್ದು ಡಿಟೆಕ್ಟರಿಗೇ ಬಡಿಯುತ್ತದೆ. ಗ್ರಾಫ್ ಶುರುವಿನಲ್ಲೇ ಮೊಳೆಯಂತೆ ಮೇಲೇಳುತ್ತದೆ, ಅರ್ಧ ಏರಿಕೆಯ ಕಾಲ ಇರಬೇಕಾದ್ದಕ್ಕಿಂತ ಕಡಿಮೆ ಬಂದು, ವಸ್ತು ಇರುವುದಕ್ಕಿಂತ ಚುರುಕಾಗಿ ಶಾಖ ಹರಿಸುತ್ತದೆ ಎಂಬ ತಪ್ಪು ಫಲಿತಾಂಶ ಮೂಡುತ್ತದೆ. ಅದಕ್ಕೇ ಎರಡೂ ಮುಖಕ್ಕೆ ತೆಳುವಾಗಿ ಗ್ರಾಫೈಟ್ ಸ್ಪ್ರೇ ಹೊಡೆಯುತ್ತೇವೆ. ತೀರಾ ಪಾರಕವಾದ ಸ್ಯಾಂಪಲ್ ಆದರೆ ಮೊದಲು ಚಿನ್ನದ ಲೇಪ, ಅದರ ಮೇಲೆ ಗ್ರಾಫೈಟ್. ಲೇಪ ದಪ್ಪವಾದರೂ ತೊಂದರೆ: ಅದೂ ಶಾಖ ದಾಟಬೇಕಾದ ಪದರವೇ. ಹೀಗಾಗಿ ಒಂದೊಂದು ಕೈ ಅಷ್ಟೇ, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ, ಬೇಕಿದ್ದರೆ ಇನ್ನೊಂದು ಕೈ.

ದಪ್ಪ ಅಳೆಯುವುದರಲ್ಲೂ ಅಷ್ಟೇ ಎಚ್ಚರ ಬೇಕು. ಲೆಕ್ಕದಲ್ಲಿ ಬರುವುದು ದಪ್ಪದ ವರ್ಗವಾದ್ದರಿಂದ ಮೈಕ್ರೊಮೀಟರಿನಲ್ಲಿ ಶೇ 1ರಷ್ಟು ತಪ್ಪಿದರೆ ಉತ್ತರದಲ್ಲಿ ಶೇ 2ರಷ್ಟು ತಪ್ಪುತ್ತದೆ. 2 ಮಿಲಿಮೀಟರ್ ದಪ್ಪದ ಒಳ್ಳೆಯ ಅಲ್ಯೂಮಿನಾದಲ್ಲಿ ಅರ್ಧ ಏರಿಕೆಗೆ ಬೇಕಾಗುವುದು ಸುಮಾರು 56 ಮಿಲಿಸೆಕೆಂಡ್. ಅದೇ ದಪ್ಪದ ಜಿರ್ಕೋನಿಯಾದಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು. ತಾಮ್ರದಲ್ಲಿ 5 ಮಿಲಿಸೆಕೆಂಡೂ ಇಲ್ಲ. ದ್ರವ ಸಾರಜನಕದಲ್ಲಿ ತಣ್ಣಗಿಟ್ಟ ಡಿಟೆಕ್ಟರ್ ಈ ಕಾಲವನ್ನು ಹಿಡಿದುಕೊಡುತ್ತದೆ. ಇಷ್ಟಾದರೂ ಕೈಗೆ ಬಂದದ್ದು ಉಷ್ಣವಾಹಕತೆಯಲ್ಲ, ಶಾಖ ಹರಡುವ ವೇಗ ಮಾತ್ರ. ಅದನ್ನು ಸಾಂದ್ರತೆಯಿಂದಲೂ ವಿಶಿಷ್ಟೋಷ್ಣದಿಂದಲೂ ಗುಣಿಸಿದ ಮೇಲೆಯೇ ಗಿರಾಕಿ ಕೇಳುವ ‘ನಂಬರ್’ ಹುಟ್ಟುತ್ತದೆ. ಸಾಂದ್ರತೆಗೆ ಒಂದು ಅಳತೆ, ವಿಶಿಷ್ಟೋಷ್ಣಕ್ಕೆ ಬೇರೆ ಯಂತ್ರದಲ್ಲಿ ಇನ್ನೊಂದು ಅಳತೆ, ಪ್ರತಿಯೊಂದಕ್ಕೂ ತನ್ನದೇ ಅನಿಶ್ಚಿತತೆ. ಚೆನ್ನಾಗಿ ನಡೆಸಿದ ಪ್ರಯೋಗದಲ್ಲೂ ಶಾಖ ಹರಡುವ ವೇಗದ ಅಳತೆಯೊಂದರಲ್ಲೇ ಶೇ 3ರಿಂದ 5ರಷ್ಟು ಆಚೀಚೆ ಸಹಜ. ಆದ್ದರಿಂದ ಅನಿಶ್ಚಿತತೆಯನ್ನು ಬರೆಯದ ಉಷ್ಣವಾಹಕತೆಯನ್ನು ನಾನು ಅಳತೆ ಎಂದು ಒಪ್ಪುವುದಿಲ್ಲ.

ಮೊದಲ ಷರತ್ತು ತಾಪ. ಅಲ್ಯೂಮಿನಾದ ಉಷ್ಣವಾಹಕತೆ ಕೋಣೆಯ ತಾಪದಲ್ಲಿ ಸುಮಾರು 30 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್. 1000 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಅದೇ ಬಿಲ್ಲೆಯಲ್ಲಿ 6ರ ಆಸುಪಾಸು. ಸೆರಾಮಿಕ್‌ನಲ್ಲಿ ಶಾಖ ಸಾಗುವುದು ಮುಖ್ಯವಾಗಿ ಪರಮಾಣುಗಳ ಜಾಲದ ಕಂಪನಗಳ ಮೂಲಕ. ಬಿಸಿ ಏರಿದಷ್ಟೂ ಕಂಪನಗಳು ಒಂದಕ್ಕೊಂದು ಅಡ್ಡಬರುವುದು ಹೆಚ್ಚುತ್ತದೆ, ಶಾಖದ ನಡಿಗೆ ನಿಧಾನವಾಗುತ್ತದೆ. ಜಿರ್ಕೋನಿಯಾಕ್ಕೆ ಯಿಟ್ರಿಯಾ ಬೆರೆಸಿದಾಗ ಜಾಲದಲ್ಲಿ ಆಮ್ಲಜನಕದ ಜಾಗಗಳು ಖಾಲಿ ಉಳಿದು ಕಂಪನಗಳಿಗೆ ಮೊದಲಿನಿಂದಲೇ ಅಡಚಣೆ ಇರುತ್ತದೆ. ಹಾಗಾಗಿ ಅದರ ಉಷ್ಣವಾಹಕತೆ 2ರಿಂದ 3ರ ನಡುವೆಯೇ, ತಾಪ ಏರಿದರೂ ಹೆಚ್ಚು ಬದಲಾಗದು. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳಿಗೆ ಈ ವಸ್ತುವನ್ನೇ ತೆಳ್ಳಗೆ ಬಳಿಯುವುದು ಇದೇ ಕಾರಣಕ್ಕೆ. ಫೈರ್‌ಬ್ರಿಕ್ ಕೊಳ್ಳುವ ಫೌಂಡ್ರಿಯವರು ಇದನ್ನು ಬಲ್ಲರು. ಅವರು ಕೇಳುವುದು 800 ಡಿಗ್ರಿಯಲ್ಲಿ ಎಷ್ಟು, 1200 ಡಿಗ್ರಿಯಲ್ಲಿ ಎಷ್ಟು ಎಂದು, ಯಾಕೆಂದರೆ ತಪ್ಪಾದರೆ ಕರೆಂಟ್ ಬಿಲ್ಲಿನಲ್ಲೋ ಕುಲುಮೆಯ ಹೊರಕವಚದಲ್ಲೋ ಮರುತಿಂಗಳೇ ಗೊತ್ತಾಗುತ್ತದೆ. ಬೆಂಗಳೂರಿನ ಮೈಕೊ ಹೆಸರಿನ ಸ್ಪಾರ್ಕ್ ಪ್ಲಗ್ ತಲೆಮಾರುಗಳಿಂದ ಬಳಸಿದ ಮೆಕ್ಯಾನಿಕ್‌ಗಳಿಗೂ ಇದು ಗೊತ್ತು. ಬಿಳಿ ಸೆರಾಮಿಕ್ ಮೂಗು ಉದ್ದವಿದ್ದರೆ ಶಾಖ ಇಳಿಯುವುದು ತಡ, ಅದು ‘ಹಾಟ್ ಪ್ಲಗ್’. ಗಿಡ್ಡವಿದ್ದರೆ ‘ಕೋಲ್ಡ್ ಪ್ಲಗ್’. ಯಾವ ಎಂಜಿನ್ನಿಗೆ ಯಾವುದು ಎಂದು ಅವರು ಕೇಳದೆ ಹಾಕುವುದಿಲ್ಲ. ಮನೆಯ ಚಾವಣಿಗೆ ಬಂದಾಗ ಮಾತ್ರ ಈ ಪ್ರಶ್ನೆ ಕೇಳುವವರೇ ಇಲ್ಲ.

ಎರಡನೆಯದು ದಿಕ್ಕು. ಕಾಂಪೊಸಿಟ್ ಎಂದರೆ ಒಂದು ವಸ್ತುವಿನ ಎಳೆಗಳನ್ನು ಇನ್ನೊಂದರಲ್ಲಿ ಹುದುಗಿಸಿದ್ದು. ಸೌದೆ ಸೀಳುವವರಿಗೆ ಎಳೆಯ ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸ ಗೊತ್ತಿರುವಂತೆ, ಕಾರ್ಬನ್ ಫೈಬರ್ ಹಲಗೆಯಲ್ಲೂ ಶಾಖಕ್ಕೆ ಎರಡು ಬೇರೆ ದಾರಿ. ಹಲಗೆಯ ಸಮತಲದಲ್ಲಿ, ಎಳೆ ಹಿಡಿದು ಸಾಗುವಾಗ ಸರಾಗ. ದಪ್ಪದ ದಿಕ್ಕಿನಲ್ಲಿ ಪ್ರತಿ ಪದರದ ನಡುವಿನ ರಾಳವನ್ನು ದಾಟಬೇಕಾದ್ದರಿಂದ ಉಷ್ಣವಾಹಕತೆ ಸಾಮಾನ್ಯವಾಗಿ 1ಕ್ಕಿಂತ ಕೆಳಗೆ. ಒಂದೇ ಹಲಗೆಗೆ ಹಲವು ಪಟ್ಟು ವ್ಯತ್ಯಾಸದ ಎರಡು ಸಂಖ್ಯೆ, ಎರಡೂ ಸರಿ. ಹಿಗ್ಗುವ ವಿಷಯದಲ್ಲಿ ಇನ್ನೂ ಸೋಜಿಗ: ಬಿಸಿ ಮಾಡಿದರೆ ಕಾರ್ಬನ್ ಎಳೆ ತನ್ನ ಉದ್ದದಲ್ಲಿ ನಸುವಾಗಿ ಕುಗ್ಗುತ್ತದೆ, ಸುತ್ತಲಿನ ಎಪಾಕ್ಸಿ ರಾಳ ಹಿಗ್ಗುತ್ತದೆ. ಪದರಗಳ ಕೋನವನ್ನು ಲೆಕ್ಕಹಾಕಿ ಜೋಡಿಸಿದರೆ ಒಂದು ದಿಕ್ಕಿನಲ್ಲಿ ಹೆಚ್ಚುಕಡಿಮೆ ಹಿಗ್ಗದ ಹಲಗೆ ಮಾಡಬಹುದು. ಬಿಸಿಲು ನೆರಳಿನ ನಡುವೆ ಸುತ್ತುವ ಉಪಗ್ರಹಗಳ ಆಂಟೆನಾಗಳಿಗೆ ಇದೇ ಬೇಕು. ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ವಿಮಾನದ ರೆಕ್ಕೆಯ ಹೊದಿಕೆ ಕಾರ್ಬನ್ ಕಾಂಪೊಸಿಟ್. ಅಂಥ ಹೊದಿಕೆಯ ರಾಳ ಯಾವ ತಾಪದಲ್ಲಿ ಮೆದುವಾಗತೊಡಗುತ್ತದೆ ಎಂದು ಅಳೆಯುವಾಗ ಒಣ ಸ್ಯಾಂಪಲ್ ಒಂದು, ತೇವ ಹೀರಿದ ಸ್ಯಾಂಪಲ್ ಒಂದು, ಎರಡನ್ನೂ ಅಳೆಯುತ್ತಾರೆ. ತೇವ ಹೊಕ್ಕರೆ ಆ ತಾಪ ಹತ್ತಾರು ಡಿಗ್ರಿ ಕೆಳಗಿಳಿಯಬಹುದು. ವಿನ್ಯಾಸಕಾರರು ನಂಬುವುದು ಕೆಟ್ಟ ಸ್ಥಿತಿಯ ಸಂಖ್ಯೆಯನ್ನು.

ಸುತ್ತಲಿನ ಗಾಳಿಯ ಒತ್ತಡವೂ ಷರತ್ತೇ. ಅಮೆರಿಕದ ಬಾಹ್ಯಾಕಾಶ ಷಟಲ್‌ನ ಹೊಟ್ಟೆಗೆ ಅಂಟಿಸುತ್ತಿದ್ದ ಕಪ್ಪು ಹಲಗೆಗಳು ಸಿಲಿಕಾ ಎಳೆಗಳಿಂದ ಮಾಡಿದವು. ಅವುಗಳಲ್ಲಿ ಪ್ರಧಾನವಾದ ಒಂದು ಬಗೆಯ ತೂಕ ಘನ ಮೀಟರಿಗೆ 144 ಕಿಲೊಗ್ರಾಂ, ಗಾತ್ರದ ಶೇ 94ರಷ್ಟು ಬರೀ ಖಾಲಿ ಜಾಗ. ನೆಲದ ಮೇಲೆ ಆ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ, ಗಾಳಿ ಸ್ವಲ್ಪ ಶಾಖ ಸಾಗಿಸುತ್ತದೆ. ವಾತಾವರಣದ ಮೇಲಂಚಿನಲ್ಲಿ ಗಾಳಿ ವಿರಳವಾದಾಗ ಆ ಪಾಲು ಕುಸಿಯುತ್ತದೆ. ಅದೇ ಹಲಗೆಗೆ ನೆಲದಲ್ಲಿ ಒಂದು ಸಂಖ್ಯೆ, ಮರುಪ್ರವೇಶದ ಎತ್ತರದಲ್ಲಿ ಇನ್ನೊಂದು. ನಮ್ಮ ಇಸ್ರೊ 2007ರ ಜನವರಿ 10ರಂದು ಕಕ್ಷೆಗೆ ಕಳಿಸಿ 22ರಂದು ಬಂಗಾಳ ಕೊಲ್ಲಿಯಿಂದ ಮರಳಿ ಪಡೆದ ಎಸ್‌ಆರ್‌ಇ ಕೋಶಕ್ಕೆ ಸಿಲಿಕಾ ಹಲಗೆಗಳ ರಕ್ಷಣೆ ಇತ್ತು. 2016ರ ಮೇ 23ರಂದು ಸುಮಾರು 65 ಕಿ.ಮೀ ಎತ್ತರ ಮುಟ್ಟಿ ಹಿಂದಿರುಗಿದ ಮರುಬಳಕೆ ವಾಹನದ ಮಾದರಿಗೂ ಇತ್ತು. ಆ ಸರಣಿಯ ರೆಕ್ಕೆಯ ವಾಹನ 2023 ಮತ್ತು 2024ರಲ್ಲಿ ಚಳ್ಳಕೆರೆಯ ಬಳಿಯ ಪರೀಕ್ಷಾ ವಲಯದಲ್ಲಿ ತಾನಾಗಿ ರನ್‌ವೇಗೆ ಇಳಿದಾಗ ಚಿತ್ರದುರ್ಗದ ಜನ ಹೆಮ್ಮೆಪಟ್ಟರು. ಅಲ್ಲಿ ನಡೆದದ್ದು ಇಳಿಯುವ ಪರೀಕ್ಷೆ, ಶಾಖದ್ದಲ್ಲ. ಮುಂದೊಂದು ದಿನ ಕಕ್ಷೆಯಿಂದಲೇ ಮರಳುವ ವಾಹನ ಕೆಂಡವಾಗಿ ಬರುವಾಗ ಅದನ್ನು ಕಾಯುವುದು ಒತ್ತಡ, ತಾಪ, ದಿಕ್ಕು ಮೂರನ್ನೂ ಬರೆದಿಟ್ಟ ಅಳತೆಯ ಪಟ್ಟಿ. ಅಲ್ಲಿ ಯಾರೂ ‘ನಂಬರ್ ಎಷ್ಟು’ ಎಂದು ಒಂದೇ ಮಾತಿನಲ್ಲಿ ಕೇಳುವುದಿಲ್ಲ.

ಬಾಹ್ಯಾಕಾಶದಿಂದ ಕರಾವಳಿಗೆ ಬರೋಣ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಎಂಬ ಸೆರಾಮಿಕ್ ವಸ್ತು ನಮ್ಮ ಅರ್ಧ ನಾಡನ್ನು ಹೊದಿಸಿತು. ಸುಟ್ಟ ಜೇಡಿಮಣ್ಣಿನ ಮೈತುಂಬ ಸಣ್ಣ ರಂಧ್ರಗಳು. ಬೇಸಿಗೆಯಲ್ಲಿ ಅವುಗಳಲ್ಲಿ ಗಾಳಿ, ಮಳೆಗಾಲದಲ್ಲಿ ನೀರು. ನಿಂತ ಗಾಳಿಯ ಉಷ್ಣವಾಹಕತೆ 0.026, ನೀರಿನದು 0.6, ಅಂದರೆ ಇಪ್ಪತ್ತು ಪಟ್ಟಿಗೂ ಮೇಲೆ. ರಂಧ್ರಗಳಲ್ಲಿ ಗಾಳಿಯ ಜಾಗಕ್ಕೆ ನೀರು ಬಂದರೆ ಇಡೀ ಹೆಂಚಿನ, ಇಡೀ ಗೋಡೆಯ ಸಂಖ್ಯೆ ಮೇಲೇರುತ್ತದೆ. ಪ್ರಯೋಗಾಲಯದಲ್ಲಿ ನಾವು ಸ್ಯಾಂಪಲ್ ಅನ್ನು ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಅಳೆಯುತ್ತೇವೆ, ಹೋಲಿಕೆಗೆ ಅದು ಅಗತ್ಯ. ಆದರೆ ಆಗುಂಬೆಯಲ್ಲೋ ಉಡುಪಿಯಲ್ಲೋ ಜೂನ್ ತಿಂಗಳಲ್ಲಿ ಒಲೆಯಿಂದ ಆಗಷ್ಟೇ ತೆಗೆದಂಥ ಗೋಡೆ ಯಾರ ಮನೆಯಲ್ಲೂ ಇರುವುದಿಲ್ಲ. ಹಗುರ ಇಟ್ಟಿಗೆಗಳ ಮೇಲೆ ಮುದ್ರಿಸುವ ಸಂಖ್ಯೆ ಒಣ ಸ್ಥಿತಿಯದು ಎಂದು ಹೇಳದೆ ಮಾರಿದರೆ, ತಂಪು ಮನೆಗಾಗಿ ಹೆಚ್ಚು ದುಡ್ಡು ಕೊಟ್ಟವರಿಗೆ ಸತ್ಯದ ಅರ್ಧ ಮಾತ್ರ ತಲುಪಿದಂತಾಯಿತು.

ಹಿಗ್ಗುವಿಕೆಯ ಮಾತನ್ನು ಬೇಗ ಮುಗಿಸುತ್ತೇನೆ, ಕುಂಬಾರರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ, ಸುತ್ತಲಿನ ಕೆಂಪು ಮಣ್ಣಿಗೆ ಹೆಸರಿದೆ. ಮಣ್ಣಿನ ಪಾತ್ರೆಗೆ ಗ್ಲೇಜ್ ಹಾಕಿ ಸುಟ್ಟಾಗ, ತಣಿಯುತ್ತ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಮೇಲ್ಮೈ ತುಂಬ ಕೂದಲೆಳೆಯ ಬಿರುಕು. ಎರಡರ ಹಿಗ್ಗುವಿಕೆಯನ್ನೂ ಡೈಲಟೋಮೀಟರಿನಲ್ಲಿ ಅಳೆದು ಗ್ಲೇಜಿನ ಪಾಕ ಬದಲಿಸಿದರೆ ಬಿರುಕು ನಿಲ್ಲುತ್ತದೆ. ಸಣ್ಣ ಕುಂಬಾರಿಕೆ ಘಟಕದವರು ಕಳಿಸಿದ ಎರಡು ಪುಟ್ಟ ಕಡ್ಡಿಗಳನ್ನು ಅಳೆದು, ಇಂಥ ತಾಪದಿಂದ ಇಂಥ ತಾಪದವರೆಗೆ ಇಷ್ಟು ಎಂದು ಗ್ರಾಫ್ ಸಮೇತ ಬರೆದುಕೊಟ್ಟಾಗ ಅವರು ಗ್ರಾಫ್ ಪೂರ್ತಿ ಓದಿದರು, ಫೋನ್ ಮಾಡಿ ಒಂದೊಂದು ತಿರುವಿನ ಬಗ್ಗೆ ಕೇಳಿದರು. ಷರತ್ತು ಸಹಿತ ಓದುವುದು ಜನಕ್ಕೆ ಕಷ್ಟ ಎಂಬ ನೆಪವನ್ನು ನಾನು ಅಂದಿನಿಂದ ಒಪ್ಪುತ್ತಿಲ್ಲ.

ಈಗ ನನ್ನ ದೂರು. ಚಾವಣಿಗೆ ಹಾಕುವ ಸ್ಯಾಂಡ್‌ವಿಚ್ ಹಲಗೆ ಮಾಡುವ ಒಂದು ಕಂಪನಿಯವರು ನಮ್ಮಲ್ಲಿಗೆ ಬಂದಿದ್ದರು. ಎರಡು ತೆಳು ಲೋಹದ ಹಾಳೆ, ನಡುವೆ ನೊರೆ. ನಾವು ಮೂರು ಸರಾಸರಿ ತಾಪಗಳಲ್ಲಿ ಅಳೆದೆವು, ಮೂರನ್ನೂ ರಿಪೋರ್ಟಿನಲ್ಲಿ ಬರೆದೆವು. ಹಲಗೆ ತಯಾರಾದ ದಿನಾಂಕ, ಸಾಂದ್ರತೆ, ಅನಿಶ್ಚಿತತೆ ಎಲ್ಲವೂ ಇತ್ತು. ಕೆಲವು ತಿಂಗಳ ಬಳಿಕ ಕಟ್ಟಡ ಸಾಮಗ್ರಿಗಳ ಮೇಳದಲ್ಲಿ ಅವರ ಬ್ರೋಷರ್ ನೋಡಿದೆ. ಮೂರರಲ್ಲಿ ಅತಿ ಕಡಿಮೆಯದೊಂದೇ ಸಂಖ್ಯೆ ದಪ್ಪಕ್ಷರದಲ್ಲಿತ್ತು. ಅದು ಅತಿ ತಣ್ಣನೆಯ ತಾಪದಲ್ಲಿ ಅಳೆದದ್ದು. ತಾಪದ ಸುಳಿವೇ ಇಲ್ಲ. ನಮ್ಮ ಪ್ರತಿ ರಿಪೋರ್ಟಿನ ಅಡಿಯಲ್ಲಿ ಎರಡು ಸಾಲು ಇರುತ್ತವೆ: ಈ ಫಲಿತಾಂಶ ಪರೀಕ್ಷಿಸಿದ ಸ್ಯಾಂಪಲ್‌ಗೆ ಮಾತ್ರ ಅನ್ವಯ, ಪ್ರಯೋಗಾಲಯದ ಒಪ್ಪಿಗೆಯಿಲ್ಲದೆ ರಿಪೋರ್ಟಿನ ಭಾಗವನ್ನು ಬಿಡಿಯಾಗಿ ಪ್ರಕಟಿಸುವಂತಿಲ್ಲ. ಮೊದಲನೆಯದು ಪರೀಕ್ಷಾ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17025 ಕಡ್ಡಾಯ ಮಾಡಿರುವುದು. ಎರಡನೆಯದರ ಉದ್ದೇಶ ಬಿಡಿಭಾಗ ಸಂದರ್ಭ ತಪ್ಪಿ ಓಡಾಡದಿರಲಿ ಎಂಬುದೇ. ಬ್ರೋಷರ್ ಎರಡನ್ನೂ ಮೀರಿತ್ತು. ಪತ್ರ ಬರೆದೆವು. ಉತ್ತರ ಬರಲಿಲ್ಲ. ಪ್ರಯೋಗಾಲಯಕ್ಕೆ ಇದಕ್ಕಿಂತ ಹೆಚ್ಚಿನ ಅಧಿಕಾರವೂ ಇಲ್ಲ.

ಇದು ಒಂದು ಕಂಪನಿಯ ಕಥೆಯಷ್ಟೇ ಅಲ್ಲ. ಯುರೋಪಿನಲ್ಲಿ ಕಟ್ಟಡದ ಇನ್ಸುಲೇಷನ್ನಿನ ಉಷ್ಣವಾಹಕತೆಯನ್ನು ಘೋಷಿಸುವುದು 10 ಡಿಗ್ರಿ ಸೆಲ್ಸಿಯಸ್ ಸರಾಸರಿ ತಾಪದಲ್ಲಿ, ಅಮೆರಿಕದಲ್ಲಿ ರೂಢಿಯಾಗಿ 24 ಡಿಗ್ರಿಯಲ್ಲಿ. ಅವರ ಚಳಿಗೆ ಅದು ಸರಿ. ಅದೇ ಹಲಗೆ ಹಡಗು ಹತ್ತಿ ಇಲ್ಲಿಗೆ ಬಂದಾಗ ಅದೇ ಸಂಖ್ಯೆಯೂ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬಣ್ಣ ಮಾಸಿದ ಶೀಟಿನ ಮೇಲ್ಮೈ 60 ಡಿಗ್ರಿ ದಾಟುವುದು ಆಶ್ಚರ್ಯವೇನಲ್ಲ. ನೊರೆಯಲ್ಲೂ ಎಳೆಯ ಹಾಸಿನಲ್ಲೂ ತಾಪ ಏರಿದಷ್ಟು ಉಷ್ಣವಾಹಕತೆ ಏರುತ್ತದೆ. ನೊರೆಯ ಗುಳ್ಳೆಗಳಲ್ಲಿ ತುಂಬಿದ ಅನಿಲ ವರ್ಷಗಳಲ್ಲಿ ಹೊರಬಿದ್ದು ಗಾಳಿ ಒಳಬಂದರೆ ಇನ್ನಷ್ಟು ಏರುತ್ತದೆ. ನಮ್ಮ ಬಿಸಿಲಿಗೆ ನಮ್ಮ ತಾಪದಲ್ಲಿ ಅಳೆದ ಸಂಖ್ಯೆ ಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇ?

ಸರ್ಕಾರ ಈ ವಿಷಯದಲ್ಲಿ ಕಣ್ಣು ಮುಚ್ಚಿದೆ ಎಂದು ಹೇಳಲಾರೆ. ಕೇಂದ್ರದ ಬ್ಯೂರೊ ಆಫ್ ಎನರ್ಜಿ ಎಫಿಶಿಯೆನ್ಸಿ 2017ರಲ್ಲಿ ವಾಣಿಜ್ಯ ಕಟ್ಟಡಗಳ ಸಂಹಿತೆಯನ್ನು ಪರಿಷ್ಕರಿಸಿತು, 2018ರಲ್ಲಿ ಮನೆಗಳಿಗಾಗಿ ಇಕೊ ನಿವಾಸ್ ಸಂಹಿತೆಯನ್ನು ತಂದಿತು. ಚಾವಣಿಯ ಮೂಲಕ ಶಾಖ ದಾಟುವ ಪ್ರಮಾಣ ಚದರ ಮೀಟರ್‌ಗೆ, ಪ್ರತಿ ಡಿಗ್ರಿಗೆ 1.2 ವ್ಯಾಟ್ ಮೀರಬಾರದು ಎನ್ನುತ್ತದೆ ಅದು. ಮಿತಿ ಒಳ್ಳೆಯದೇ. ಆದರೆ ಆ ಲೆಕ್ಕಕ್ಕೆ ಪ್ರತಿ ಪದರದ ಉಷ್ಣವಾಹಕತೆ ಬೇಕು, ಮತ್ತು ವಿನ್ಯಾಸಕಾರರು ಅದನ್ನು ಪುಸ್ತಕದ ಕೋಷ್ಟಕದಿಂದಲೋ ಮಾರಾಟಗಾರರ ಹಾಳೆಯಿಂದಲೋ ಎತ್ತಿ ಹಾಕುತ್ತಾರೆ. ಸೈಟಿಗೆ ಬಂದಿಳಿದ ಇಟ್ಟಿಗೆಯ ಬಲವನ್ನು ಒಡೆದು ನೋಡುವ ಪದ್ಧತಿ ಇದೆ, ನೀರು ಹೀರುವುದನ್ನು ತೂಗಿ ನೋಡುವ ಪದ್ಧತಿ ಇದೆ. ಅದೇ ಇಟ್ಟಿಗೆಯ ಶಾಖದ ಗುಣವನ್ನು ಅಳೆಯಲು ಕಳಿಸಿದ ಸೈಟ್ ಎಂಜಿನಿಯರ್‌ಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಸಣ್ಣ ತಯಾರಕರ ಆಕ್ಷೇಪ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ‘ಮೂರು ತಾಪದಲ್ಲಿ, ಒದ್ದೆ ಒಣ ಎರಡೂ ಸ್ಥಿತಿಯಲ್ಲಿ ಅಳೆಸಿದರೆ ಶುಲ್ಕ ಎಷ್ಟಾಯಿತು ಮೇಡಂ? ದೊಡ್ಡ ಕಂಪನಿ ಕಟ್ಟುತ್ತೆ, ನಾವು ಸಾಯ್ತೀವಿ’ ಎಂದು ಇಟ್ಟಿಗೆ ಘಟಕದ ಯುವಕರೊಬ್ಬರು ಹೇಳಿದ್ದರು. ಅವರ ಇಟ್ಟಿಗೆ ಚೆನ್ನಾಗಿಯೇ ಇತ್ತು. ಇದಕ್ಕೆ ಉತ್ತರ ಷರತ್ತು ಸಡಿಲಿಸುವುದಲ್ಲ, ಅಳೆಯುವ ಸೌಲಭ್ಯವನ್ನು ಹತ್ತಿರ ತರುವುದು. ಲೇಸರ್ ಫ್ಲ್ಯಾಶ್ ದುಬಾರಿ ಯಂತ್ರ, ಅದು ಕೆಲವೇ ಕಡೆ ಇದ್ದರೆ ಸಾಕು. ಕಟ್ಟಡ ಸಾಮಗ್ರಿಗೆ ಬೇಕಾಗುವುದು ಗಾರ್ಡೆಡ್ ಹಾಟ್ ಪ್ಲೇಟ್ ಅಥವಾ ಹೀಟ್ ಫ್ಲೋ ಮೀಟರ್. ವಿಭಾಗಕ್ಕೊಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಹೀಗೆ ನಾಲ್ಕು ಕಡೆ ಅಂಥ ಉಪಕರಣ ಇಟ್ಟು, ಸಣ್ಣ ಘಟಕಗಳ ಶುಲ್ಕವನ್ನು ರಾಜ್ಯ ಭರಿಸಲಿ. ಓದುವ ಮಕ್ಕಳಿಗೂ ಲೀಸ್ ಡಿಸ್ಕ್‌ನಿಂದ ಮುಂದಿನ ಹೆಜ್ಜೆ ಕಣ್ಣೆದುರು ಸಿಗುತ್ತದೆ.

ನಾಲ್ಕು ಕಡೆ ಇಟ್ಟ ಮೇಲೆ ನಾಲ್ಕೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡಲು ದಾರಿ ಇದೆ. ಒಂದೇ ಉಲ್ಲೇಖ ವಸ್ತುವನ್ನು ಎಲ್ಲರೂ ಅಳೆದು ಫಲಿತಾಂಶ ಹೋಲಿಸುವುದು. ನಮ್ಮ ಕಪಾಟಿನಲ್ಲಿ ಪೈರೊಸೆರಾಮ್ ಎಂಬ ಗಾಜು-ಸೆರಾಮಿಕ್‌ನ ಬಿಲ್ಲೆ ಇದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಗಾಜಿನ ತುಂಡನ್ನು 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದಾಗ ಕುಲುಮೆ ಕೆಟ್ಟು 900 ದಾಟಿತು. ಗಾಜು ಕರಗಿಹೋಗಿರಬಹುದೆಂದುಕೊಂಡವರಿಗೆ ಬಿಳಿಯ ಗಟ್ಟಿ ಹಲಗೆ ಸಿಕ್ಕಿತು, ಅದು ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಅಲ್ಲಿಂದ ಹುಟ್ಟಿದ ಕುಟುಂಬದ ಒಂದು ವಸ್ತು ಅಡುಗೆಯ ಪಾತ್ರೆಯಾಯಿತು; ಇನ್ನೊಂದು, ಅಂದರೆ ನಮ್ಮ ಕಪಾಟಿನಲ್ಲಿರುವ ಬಗೆ, ಕ್ಷಿಪಣಿಗಳ ಮೂತಿಯಾಯಿತು, ಕೊನೆಗೆ ಯುರೋಪಿನ ಪ್ರಯೋಗಾಲಯಗಳು ಸೇರಿ ಅಳೆದು ಉಷ್ಣವಾಹಕತೆಯ ಪ್ರಮಾಣಿತ ಮಾದರಿಯೂ ಆಯಿತು. ಕೋಣೆಯ ತಾಪದಲ್ಲಿ ಅದರ ಉಷ್ಣವಾಹಕತೆ 4ರ ಆಸುಪಾಸು. ಯಂತ್ರ ಅದನ್ನು ಸರಿಯಾಗಿ ಹೇಳಿದ ದಿನ ಮಾತ್ರ ನಾನು ಗಿರಾಕಿಯ ಸ್ಯಾಂಪಲ್ ಒಳಗಿಡುತ್ತೇನೆ. ಆ ಹೋಲಿಕೆಯ ಫಲಿತಾಂಶವನ್ನೂ ರಿಪೋರ್ಟಿಗೆ ಲಗತ್ತಿಸಬೇಕೆಂಬ ನಿಯಮ ಬರಬೇಕು.

ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಈಗಾಗಲೇ ಇದೆ. ತಾಪ, ತೇವ, ದಿಕ್ಕು, ಅನಿಶ್ಚಿತತೆ ಬರೆಯದೆ ‘ಪ್ರಯೋಗಾಲಯದಲ್ಲಿ ಪರೀಕ್ಷಿತ’ ಎಂದು ಉಷ್ಣವಾಹಕತೆಯನ್ನು ಮುದ್ರಿಸುವುದು ಅದರ ವ್ಯಾಪ್ತಿಗೆ ಬರುತ್ತದೆ ಎಂದು ಪ್ರಾಧಿಕಾರ ಒಂದು ಸ್ಪಷ್ಟನೆ ಹೊರಡಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಮ್ಮ ಲೋಕೋಪಯೋಗಿ ಇಲಾಖೆಯ ಕೈಯಲ್ಲಿದೆ. ಸರ್ಕಾರಿ ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಚಾವಣಿಗೆ ಶಾಖನಿರೋಧಕ ಹಲಗೆಯನ್ನೋ ಟೈಲ್ಸನ್ನೋ ಕೊಳ್ಳುವ ಟೆಂಡರಿನಲ್ಲಿ ಬ್ರೋಷರ್ ಬದಲು ಪೂರ್ಣ ರಿಪೋರ್ಟ್ ಕೇಳಬೇಕು. ಸರಾಸರಿ ತಾಪ 40 ಡಿಗ್ರಿ ಸೆಲ್ಸಿಯಸ್ ಎಂದು ನಿಗದಿ ಮಾಡಬೇಕು. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಿಗೆ ತೇವದ ಸ್ಥಿತಿಯ ಅಳತೆಯನ್ನೂ ಸೇರಿಸಬೇಕು. ಸರಬರಾಜಾದ ಸರಕಿನಿಂದಲೇ ಸ್ಯಾಂಪಲ್ ಎತ್ತುವವರು ಇಲಾಖೆಯ ಎಂಜಿನಿಯರ್ ಆಗಿರಬೇಕು, ಮಾರಾಟಗಾರರಲ್ಲ. ಇದಕ್ಕೆ ಹೊಸ ಕಾಯ್ದೆ ಬೇಡ, ಟೆಂಡರ್ ದಾಖಲೆಯ ತಾಂತ್ರಿಕ ಷರತ್ತುಗಳ ಪುಟದಲ್ಲಿ ನಾಲ್ಕು ಸಾಲು ಸೇರಿಸಿದರೆ ಮುಂದಿನ ಬೇಸಿಗೆಯ ಕಾಮಗಾರಿಗಳಿಗೇ ಅನ್ವಯಿಸಬಹುದು.